ಬಲಗಡೆಯ ಉಸಿರು

ಆ ಗುರುವಾರ ನನ್ನ ನಾಡಿಯನ್ನು ನಾನೇ ಹಿಡಿದು ನೋಡಿದೆ.

ಹಂಗಳದ ಅಂಗನವಾಡಿಯಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ದಿನ ಅದು. ಒಂದು ಮಗುವಿನ ತೊಡೆಗೆ ಚುಚ್ಚುಮದ್ದು ಕೊಟ್ಟು, ಹತ್ತಿ ಒತ್ತಿ ಹಿಡಿಯಲು ತಾಯಿಗೆ ಹೇಳಿ ಎದ್ದು ನಿಂತೆ. ಎದೆಯೊಳಗೆ ಏನೋ ಕಳಚಿಕೊಂಡ ಹಾಗಾಯಿತು. ಗಂಟಲವರೆಗೂ ಪಟಪಟ. ಗೋಡೆಗೆ ಒರಗಿ ಎಡ ಮಣಿಕಟ್ಟಿನ ಮೇಲೆ ಮೂರು ಬೆರಳು ಇಟ್ಟೆ. ಇಪ್ಪತ್ತೇಳು ವರ್ಷ ಬೇರೆಯವರ ನಾಡಿ ಹಿಡಿದ ಬೆರಳುಗಳವು. ಓಡುವ ನಾಡಿ ಗೊತ್ತು, ತೆವಳುವ ನಾಡಿಯೂ ಗೊತ್ತು. ಇದಕ್ಕೆ ಗತಿಯೇ ಇರಲಿಲ್ಲ. ಎರಡು ಹೊಡೆತ, ನಡುವೆ ಖಾಲಿ, ಮತ್ತೆ ನಾಲ್ಕು ಒಟ್ಟಿಗೆ, ಮತ್ತೆ ಖಾಲಿ.

ಉಳಿದ ಮಕ್ಕಳಿಗೂ ಲಸಿಕೆ ಹಾಕಿಯೇ ಬಂದೆ. ಅದನ್ನು ಈಗ ಹೆಮ್ಮೆಯಿಂದ ಹೇಳುತ್ತಿಲ್ಲ. ಬುದ್ಧಿ ಇರಲಿಲ್ಲ, ಅಷ್ಟೆ.

ನಾನು ಮಂಗಳಮ್ಮ. ಊರವರ ಬಾಯಲ್ಲಿ ನರ್ಸಮ್ಮ. ಸರ್ಕಾರ ನಮ್ಮ ಹುದ್ದೆಗೆ ಉದ್ದನೆಯ ಹೊಸ ಹೆಸರು ಇಟ್ಟಿದೆ. ನಮ್ಮ ಕಡೆ ಅದನ್ನು ಯಾರೂ ಬಳಸುವುದಿಲ್ಲ. ಮನೆ ಗುಂಡ್ಲುಪೇಟೆಯಲ್ಲಿ. ಗಂಡ ನಂಜುಂಡಸ್ವಾಮಿ ಚಾಮರಾಜನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು; ಬೆಳಿಗ್ಗೆ ತೆರಕಣಾಂಬಿ ದಾರಿಯ ಬಸ್ಸು ಹತ್ತಿ ಹೋಗಿ ಸಂಜೆ ಬರುತ್ತಾರೆ. ಮನೆಯಲ್ಲಿ ನಮ್ಮಿಬ್ಬರ ಜೊತೆ ಅತ್ತೆ. ಮಗಳು ಮದುವೆಯಾಗಿ ಕೊಳ್ಳೇಗಾಲದಲ್ಲಿದ್ದಾಳೆ.

ಮಾರನೆಯ ದಿನ ಗುಂಡ್ಲುಪೇಟೆಯಲ್ಲಿ ಇಸಿಜಿ ತೆಗೆದರು. ಏಟ್ರಿಯಲ್ ಫಿಬ್ರಿಲೇಷನ್. ಹೃದಯದ ಮೇಲಿನ ಕೋಣೆಗಳು ಬಡಿಯುವ ಬದಲು ನಡುಗುತ್ತಿವೆ, ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಪಾರ್ಶ್ವವಾಯು ಆಗಬಹುದು ಎಂದರು. ರಕ್ತ ತೆಳುವಾಗಲು ಒಂದು ಮಾತ್ರೆ, ಬಡಿತ ಹಿಡಿತಕ್ಕೆ ಬರಲು ಎರಡು. ಒಂದು ವರ್ಷ ನುಂಗಿದೆ. ಆದರೂ ವಾರಕ್ಕೊಮ್ಮೆ, ಕೆಲವು ವಾರ ಎರಡು ಸಲ, ಎದೆ ತನ್ನಿಷ್ಟದಂತೆ ಕುಣಿಯುತ್ತಿತ್ತು. ಕೊನೆಗೆ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಹೃದಯದ ಡಾಕ್ಟರು ಅಬ್ಲೇಷನ್ ಮಾಡೋಣ ಎಂದರು.

ಅವರು ಕಾಗದದ ಮೇಲೆ ಹೃದಯದ ಚಿತ್ರ ಬರೆದು ತೋರಿಸಿದರು. ತೊಡೆಯ ರಕ್ತನಾಳದಿಂದ ತೆಳ್ಳನೆಯ ಕೊಳವೆ ಒಳಗೆ ಹೋಗುತ್ತದೆ. ಅದರ ತುದಿಯಲ್ಲಿ ಪುಟ್ಟ ಬಲೂನು. ಶ್ವಾಸಕೋಶದಿಂದ ಹೃದಯಕ್ಕೆ ಬರುವ ನಾಳಗಳ ಬಾಯಲ್ಲಿ ಬಲೂನು ಒತ್ತಿ ಹಿಡಿದು, ಸುತ್ತಲಿನ ಅಂಚನ್ನು ಕಡು ಶೀತದಿಂದ ಮರಗಟ್ಟಿಸುತ್ತಾರೆ. ಸತ್ತ ಅಂಚನ್ನು ದಾಟಿ ಬಡಿತ ಕೆಡಿಸುವ ತಪ್ಪು ಕರೆಂಟು ಬರುವುದಿಲ್ಲ.

"ಎರಡು ದಿನ ಇದ್ದು ಹೋಗ್ತೀರಾ. ಒಂದು ವಾರದಲ್ಲಿ ಡ್ಯೂಟಿಗೆ ಹೋಗಬಹುದು," ಎಂದರು. ಒಳ್ಳೆಯ ಮಾತಿನ ಮನುಷ್ಯ. ಈಗಲೂ ಹಾಗೆಯೇ ಹೇಳುತ್ತೇನೆ.

ಒಪ್ಪಿಗೆ ಪತ್ರ ನಾಲ್ಕು ಪುಟ, ಇಂಗ್ಲಿಷಿನಲ್ಲಿ. ಎಲ್ಲೆಲ್ಲಿ ಸಹಿ ಹಾಕಬೇಕೋ ಅಲ್ಲಲ್ಲಿ ಪೆನ್ಸಿಲಿನಲ್ಲಿ ಗುರುತು ಮಾಡಿಕೊಟ್ಟಿದ್ದರು. ನಾನು ಓದಲಿಲ್ಲ. ಓದಲು ಬಾರದೆ ಅಲ್ಲ. ಎಷ್ಟೋ ಹೆಂಗಸರ ಕೈಯಿಂದ ನಾನೂ ಹೀಗೆಯೇ, ಇಲ್ಲೊಂದು ಇಲ್ಲೊಂದು ಎಂದು ಬೆರಳು ತೋರಿಸಿ ಸಹಿ ಹಾಕಿಸಿದ್ದೇನೆ. ಆ ಕಾಗದ ಓದುವುದಕ್ಕಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ಕರೆದುಕೊಂಡು ಹೋದರು. ಪೂರ್ತಿ ಮಂಪರು ಕೊಟ್ಟಿರಲಿಲ್ಲ. ಅರ್ಧ ನಿದ್ದೆ, ಅರ್ಧ ಎಚ್ಚರ. ಬಲಗಡೆ ಪಕ್ಕೆಲುಬಿನ ಕೆಳಗೆ ಬಿಕ್ಕಳಿಕೆಯಂಥ ಒಂದು ಎಗರು ಶುರುವಾದದ್ದು ನೆನಪಿದೆ. ಟಕ್, ಟಕ್, ಟಕ್. ಒಂದೇ ಸಮನೆ. ಹೊಟ್ಟೆಯ ಮೇಲೆ ಯಾರದೋ ಕೈ ಇತ್ತು. ಹೆಂಗಸಿನ ಕೈ, ಬೆಚ್ಚಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಎಗರು ಮೆತ್ತಗಾಯಿತು. ಆಮೇಲೆ ಇನ್ನೂ ಮೆತ್ತಗೆ.

"ಸರ್, ಕಮ್ಮಿ ಆಗ್ತಿದೆ," ಎಂದಿತು ಆ ಕೈಯ ಕಡೆಯ ದನಿ.

"ಸ್ಟಾಪ್. ಸ್ಟಾಪ್."

ನಂತರ ಯಾರೋ "ಬಂತಾ?" ಎಂದರು. ಉತ್ತರ ಬರುವುದು ತಡವಾಯಿತು. ಏನು ಬಂತೋ ನನಗೆ ಕೇಳಿಸಲಿಲ್ಲ. ನಿದ್ದೆ ಎಳೆದುಕೊಂಡಿತು.

ಮೂರನೆಯ ದಿನ ಬಿಡುಗಡೆ. ಡಾಕ್ಟರು ಇಸಿಜಿ ಹಾಳೆ ಹಿಡಿದು ನಕ್ಕರು. "ಪರ್ಫೆಕ್ಟ್. ಗಡಿಯಾರದ ಹಾಗಿದೆ." ನಿಜ. ಎದೆ ಗಡಿಯಾರದ ಹಾಗೆಯೇ ಬಡಿಯುತ್ತಿತ್ತು. ನನ್ನವರು ಕೈಮುಗಿದರು. ಬಿಡುಗಡೆಯ ಸಾರಾಂಶದಲ್ಲಿ ಒಂದು ಸಾಲು: ಯಾವುದೇ ತೊಡಕುಗಳಿಲ್ಲ.

"ಸರ್, ಮಲಗಿದರೆ ಉಸಿರು ಸಾಲದ ಹಾಗಾಗುತ್ತೆ," ಎಂದೆ.

"ಒಂದೆರಡು ದಿನ ಇರುತ್ತೆ. ನಡೆದಾಡಿ."

ನಡೆದಾಡಿದೆ.

ಒಂದೆರಡು ದಿನ ಕಳೆಯಿತು, ಒಂದೆರಡು ವಾರವೂ. ಮಲಗಲು ಆಗುತ್ತಿರಲಿಲ್ಲ. ಬೆನ್ನು ಹಾಸಿಗೆಗೆ ತಾಕಿದರೆ ಸಾಕು, ಹೊಟ್ಟೆಯೊಳಗಿನದೆಲ್ಲ ಎದೆಗೆ ಹತ್ತಿ ಕೂತ ಹಾಗೆ. ನಾಲ್ಕು ದಿಂಬು ಒರಗಿಸಿಕೊಂಡು ಕೂತೇ ನಿದ್ದೆ ಮಾಡಿದೆ. ಚಪ್ಪಲಿಯ ಪಟ್ಟಿ ಹಾಕಲು ಬಗ್ಗಿದರೆ ಕಣ್ಣು ಕತ್ತಲೆ. ಎರಡು ಮುದ್ದೆ ಉಣ್ಣುತ್ತಿದ್ದವಳು ಅರ್ಧಕ್ಕೆ ಕೈ ತೊಳೆಯುತ್ತಿದ್ದೆ; ಹೊಟ್ಟೆ ತುಂಬಿದರೆ ಉಸಿರಿಗೆ ಜಾಗವಿಲ್ಲ. ನಡೆಯುತ್ತಾ ಮಾತಾಡುವ ಹಾಗಿಲ್ಲ, ಮಾತಾಡಬೇಕಾದರೆ ನಿಲ್ಲಬೇಕು. ಕೆಮ್ಮು ಬಂದರೆ ಬೆಕ್ಕಿನ ಕೆಮ್ಮು, ಕಫ ಕದಲುತ್ತಲೇ ಇರಲಿಲ್ಲ. ಎದೆ ಮಾತ್ರ ಗಡಿಯಾರ.

ಗುಂಡ್ಲುಪೇಟೆಯ ಒಬ್ಬ ಡಾಕ್ಟರು ಗ್ಯಾಸ್ ಎಂದರು. ಇನ್ನೊಬ್ಬರು ರಕ್ತ ಕಮ್ಮಿ ಎಂದು ಟಾನಿಕ್ ಬರೆದರು. ಮೈಸೂರಿಗೆ ಫೋನು ಮಾಡಿದರೆ ಡಾಕ್ಟರ ಸಹಾಯಕರು ಎಕೋ ಮಾಡಿಸಿ ಕಳಿಸಲು ಹೇಳಿದರು. ಕಳಿಸಿದೆವು. "ಹಾರ್ಟ್ ಚೆನ್ನಾಗಿದೆ. ಮೇಡಂಗೆ ಸ್ವಲ್ಪ ಆಂಕ್ಸೈಟಿ ಇದೆ ಅನ್ಸುತ್ತೆ. ಈ ವಯಸ್ಸಿನಲ್ಲಿ ಹೆಂಗಸರಿಗೆ ಸಹಜ," ಎಂದು ಡಾಕ್ಟರೇ ಫೋನಿನಲ್ಲಿ ನನ್ನವರಿಗೆ ಹೇಳಿದರಂತೆ. ನನಗಲ್ಲ, ನನ್ನವರಿಗೆ. ಒಂದು ನೆಮ್ಮದಿಯ ಮಾತ್ರೆಯನ್ನೂ ಬರೆದರು.

ಆ ಮಾತ್ರೆಗಿಂತ ಕಹಿಯಾದದ್ದು ಮನೆಯ ಮಾತು.

"ಹಾರ್ಟ್ ಡಾಕ್ಟ್ರೇ ಸರ್ಯಾಗಿ ಅದೆ ಅಂತವ್ರೆ. ಅವ್ರಿಗಿಂತ ಜಾಸ್ತಿ ಗೊತ್ತಾ ನಿಂಗೆ?" ಎಂದರು ಇವರು.

"ಉಸಿರು ನನ್ದಲ್ವಾ?"

"ಉಸಿರು ಆಡ್ತಾ ಅದಲ್ಲ ಮಂಗ್ಳಾ. ನೀ ಅದ್ನೇ ಯೋಚ್ನೆ ಮಾಡ್ತಾ ಕುಂತಿದ್ದೀಯ, ಅದ್ಕೇ ಇಂಗೆ."

ಕೆಟ್ಟವರಲ್ಲ ಇವರು. ಆಸ್ಪತ್ರೆಯ ಬೆಂಚಿನ ಮೇಲೆ ಎರಡು ದಿನ ಕೂತು ಕಾದವರು. ಆದರೆ ಕಾಗದದಲ್ಲಿ ಬರೆದದ್ದನ್ನು ನಂಬುವುದು ಇವರ ಜೀವಮಾನದ ಅಭ್ಯಾಸ. ಕಾಗದದಲ್ಲಿ ತೊಡಕಿಲ್ಲ ಎಂದಿತ್ತು. ನನ್ನ ಹತ್ತಿರ ಏದುಸಿರು ಬಿಟ್ಟರೆ ಬೇರೆ ದಾಖಲೆ ಇರಲಿಲ್ಲ.

ನೋಡಲು ಬಂದವರು ಇನ್ನೊಂದು ಥರ. "ಆಪರೇಷನ್ ಆದವರ ಹಾಗೇ ಕಾಣಲ್ವಲ್ಲ ನೀವು!" ಎಂದು ಮೆಚ್ಚಿಕೊಂಡು, ಬಾಳೆಹಣ್ಣು ಇಟ್ಟು ಹೋಗುತ್ತಿದ್ದರು. ಗಾಯವೇ ಇಲ್ಲ. ತೊಡೆಯ ಮೇಲೆ ಒಂದು ಚುಕ್ಕಿ. ಒಂದು ಕಾಲು ಮುರಿದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಗ ನಿಜವಾಗಿ ಅಂದುಕೊಂಡಿದ್ದೇನೆ.

ಬರಬರುತ್ತಾ ನನಗೇ ಅನುಮಾನ ಶುರುವಾಯಿತು. ಇದೆಲ್ಲ ಮನಸ್ಸಿನದೇ ಇರಬಹುದು. ನೆಮ್ಮದಿಯ ಮಾತ್ರೆ ನುಂಗಲು ಆರಂಭಿಸಿದೆ. ರೋಗಕ್ಕಿಂತ ಆ ಅನುಮಾನ ನನ್ನನ್ನು ಹೆಚ್ಚು ಕುಗ್ಗಿಸಿತು.

ಕಂಡುಹಿಡಿದದ್ದು ಅತ್ತೆ.

ಮೂರನೆಯ ತಿಂಗಳ ಒಂದು ಮಧ್ಯಾಹ್ನ. ಬಲಭುಜದಲ್ಲಿ ನೋವಿತ್ತು. ಎಣ್ಣೆ ತಿಕ್ಕುತ್ತೇನೆ ಎಂದು ಅತ್ತೆ ಚಾಪೆ ಹಾಸಿದರು. "ಒಸಿ ಹೊತ್ತು ಮಲಿಕೊ, ನಾನಿಲ್ವಾ," ಎಂದರು. ಹಲ್ಲು ಕಚ್ಚಿ ಅಂಗಾತ ಮಲಗಿದೆ. ಉಸಿರಿಗೆ ಒದ್ದಾಡುತ್ತಿದ್ದೆ. ಅತ್ತೆಯ ಕೈ ನಿಂತುಹೋಯಿತು. ಕಣ್ಣು ಕಿರಿದು ಮಾಡಿ ನನ್ನ ಹೊಟ್ಟೆಯನ್ನೇ ನೋಡುತ್ತಿದ್ದರು.

"ಇದೇನವ್ವ ಇದು?"

"ಏನತ್ತೆ?"

"ಉಸ್ರು ಎಳ್ದಾಗ ಎಡಗಡೆ ಉಬ್ತದೆ. ಬಲಗಡೆ ಒಳೀಕೆ ಓಯ್ತದೆ ಕಣವ್ವ!"

ಅವರು ತಮ್ಮ ಎರಡು ಅಂಗೈಗಳನ್ನೂ ನನ್ನ ಪಕ್ಕೆಲುಬಿನ ಕೆಳಗೆ ಇಟ್ಟರು. ನನ್ನ ಕೈಗಳನ್ನು ಎತ್ತಿ ತಮ್ಮ ಕೈಗಳ ಜಾಗದಲ್ಲಿ ಇಡಿಸಿದರು. ಉಸಿರು ಎಳೆದೆ. ಎಡಗೈ ಮೇಲೆದ್ದಿತು. ಬಲಗೈ ಕೆಳಗಿಳಿಯಿತು. ಮತ್ತೆ ಎಳೆದೆ. ಹಾಗೆಯೇ.

ನಾನು ನರ್ಸು. ಎಷ್ಟು ಮಕ್ಕಳ ಎದೆಯ ಏರಿಳಿತ ನೋಡಿ ನ್ಯುಮೋನಿಯಾ ಎಂದು ಓಡಿಸಿದ್ದೇನೆ. ನನ್ನ ಹೊಟ್ಟೆಯನ್ನು ನಾನು ನೋಡಿಕೊಂಡಿರಲಿಲ್ಲ. ನಾನೇನು, ಮೂರು ತಿಂಗಳಲ್ಲಿ ಕಂಡ ಒಬ್ಬ ಡಾಕ್ಟರೂ ಮಲಗಿಸಿ, ಸೆರಗು ಸರಿಸಿ ನೋಡಿರಲಿಲ್ಲ. ಎಲ್ಲರೂ ರಿಪೋರ್ಟು ನೋಡಿದ್ದರು.

ಸಂಜೆ ಇವರು ಬಂದಾಗ ಅತ್ತೆ ಬಾಗಿಲಲ್ಲೇ ಕಾದಿದ್ದರು. "ಬಾಪ್ಪ ಇಲ್ಲಿ. ಎಂಡ್ರು ಸುಳ್ಳೇಳ್ತಳೆ ಅಂತಿದ್ದಲ್ಲ, ಕೈ ಮಡಗಿ ನೋಡು." ಇವರು ಕೈ ಇಟ್ಟು ನೋಡಿದರು. ಅಂದು ಊಟ ಮಾಡಲಿಲ್ಲ.

ಮಾರನೆಯ ದಿನ ಕಚೇರಿಗೆ ರಜೆ ಹಾಕಿ ನನ್ನನ್ನು ಚಾಮರಾಜನಗರದ ಒಂದು ಸ್ಕ್ಯಾನಿಂಗ್ ಕೇಂದ್ರಕ್ಕೆ ಕರೆದುಕೊಂಡು ಹೋದರು. ಅಲ್ಲಿನ ಲೇಡಿ ಡಾಕ್ಟರು ಒರಟು. ಏನಾದರೂ ಕೇಳಿದರೆ ಸಿಡುಕುವ ಜಾತಿ. ಪಕ್ಕೆಯ ಕೆಳಗೆ ಜೆಲ್ ಹಚ್ಚಿ ಯಂತ್ರದ ತಲೆ ಒತ್ತಿದರು.

"ಮೂಗಿನಲ್ಲಿ ಜೋರಾಗಿ ಎಳೀರಿ. ಒಂದೇ ಸಲ. ಮೂಸಿ ನೋಡೋ ಥರ."

ಎಳೆದೆ.

"ಇನ್ನೊಂದ್ಸಲ."

ಎಳೆದೆ. ಅವರು ಎಡಗಡೆ ನೋಡಿದರು, ಮತ್ತೆ ಬಲಗಡೆಗೆ ಬಂದರು. ಪರದೆಯನ್ನು ನನ್ನ ಕಡೆ ತಿರುಗಿಸಿದರು. ಎಡಗಡೆ ಬಿಳಿಯ ಗೆರೆಯೊಂದು ಮೇಲೆ ಕೆಳಗೆ ಜಿಗಿಯುತ್ತಿತ್ತು. ಬಲಗಡೆಯ ಗೆರೆ ಸುಮ್ಮನೆ ಬಿದ್ದಿತ್ತು.

"ಆಪರೇಷನ್ ಆದಮೇಲೆ ಯಾರೂ ನಿಮಗೆ ಹೇಳಲಿಲ್ವಾ?"

ಆ ಒರಟು ಡಾಕ್ಟರ ದನಿ ಆಗ ಇಳಿದಿತ್ತು. ಎದೆಗೂ ಹೊಟ್ಟೆಗೂ ನಡುವೆ ಇರುವ, ಉಸಿರಾಟವನ್ನು ನಡೆಸುವ ಸ್ನಾಯುವಿನ ಪರದೆಗೆ ಕನ್ನಡದಲ್ಲಿ ವಪೆ ಎನ್ನುತ್ತಾರೆ, ಶಾಲೆಯಲ್ಲಿ ಓದಿದ್ದೆ. ಅದನ್ನು ಕುಣಿಸುವ ನರ ಕುತ್ತಿಗೆಯಿಂದ ಇಳಿದು ಹೃದಯದ ಮೈಗೆ ಅಂಟಿಕೊಂಡೇ ಕೆಳಗೆ ಹೋಗುತ್ತದೆ. ಫ್ರೆನಿಕ್ ನರ್ವ್. ಬಲಗಡೆಯ ನಾಳದ ಬಾಯನ್ನು ಮರಗಟ್ಟಿಸಿದಾಗ, ಪಕ್ಕದಲ್ಲೇ ಹಾದುಹೋಗುವ ಆ ನರಕ್ಕೂ ಶೀತ ತಾಕಿದೆ. ಬಲಗಡೆಯ ವಪೆ ಸೋತು ಮೇಲಕ್ಕೆ ಹೋಗಿ ಕೂತಿದೆ. ಮಲಗಿದಾಗ ಹೊಟ್ಟೆ ಎದೆಗೆ ಹತ್ತಿದ ಹಾಗೆ ಅನ್ನಿಸುತ್ತಿದ್ದುದು ಅನ್ನಿಸಿಕೆ ಅಲ್ಲ. ಹತ್ತಿಯೇ ಇತ್ತು.

ಹೊರಗೆ ಬಂದು ಕಟ್ಟೆಯ ಮೇಲೆ ಕೂತೆವು. ನನಗೆ ಅಳು ಬಂತು. ದುಃಖಕ್ಕಲ್ಲ. ನಾನು ಹುಚ್ಚಿ ಅಲ್ಲ ಎಂದು ಗೊತ್ತಾದದ್ದಕ್ಕೆ.

"ತಪ್ಪಾಯ್ತು ಮಂಗ್ಳಾ," ಎಂದರು ಇವರು, ರಸ್ತೆಯ ಕಡೆ ನೋಡುತ್ತಾ.

ಪರವಾಗಿಲ್ಲ ಎಂದು ನಾನು ಹೇಳಲಿಲ್ಲ. ಹೇಳಬೇಕಿತ್ತೇನೋ. ಬಾಯಿಗೆ ಬರಲಿಲ್ಲ.

ಮುಂದಿನ ವಾರ ಮೈಸೂರು. ಸ್ಕ್ಯಾನ್ ವರದಿಯನ್ನು ಡಾಕ್ಟರ ಮೇಜಿನ ಮೇಲೆ ಇಟ್ಟೆ. ಅವರು ಅದನ್ನು ಎರಡು ಸಲ ಓದಿದರು.

"ಇದು ಗೊತ್ತಿರುವ ಕಾಂಪ್ಲಿಕೇಷನ್ ಮೇಡಂ. ಫಾರ್ಮಿನಲ್ಲಿ ಇದೆ. ಬಹಳಷ್ಟು ಜನಕ್ಕೆ ಕೆಲವು ತಿಂಗಳಲ್ಲಿ ತಾನಾಗೇ ಸರಿಹೋಗುತ್ತೆ."

"ಅವತ್ತೇ ಗೊತ್ತಿತ್ತಾ ಸರ್ ನಿಮಗೆ?"

"ಸಣ್ಣದಾಗಿ ವೀಕ್ ಆಗಿತ್ತು. ತಕ್ಷಣ ನಿಲ್ಲಿಸಿದೆವು. ವಾಪಸ್ ಬಂತು ಅಂತಲೇ ನಮ್ಮ ಅಂದಾಜು."

"ನನಗೆ ಹೇಳಬಹುದಿತ್ತು."

"ಹೇಳಿದ್ದರೆ ನೀವು ಸುಮ್ಮನೆ ಗಾಬರಿ ಆಗ್ತಿದ್ರಿ."

ಆ ಮಾತಿಗೆ ನನ್ನ ಉಸಿರಿನ ಅಳತೆಗೆ ತಕ್ಕ ಹಾಗೆ, ನಿಲ್ಲಿಸಿ ನಿಲ್ಲಿಸಿ ಉತ್ತರ ಕೊಟ್ಟೆ. "ಮೂರು ತಿಂಗಳು ಗಾಬರಿಯಲ್ಲೇ ಇದ್ದೆ ಸರ್. ಹೇಳಿದ್ದರೆ ಗಾಬರಿಗೆ ಒಂದು ಹೆಸರಾದರೂ ಇರುತ್ತಿತ್ತು. ಡಿಸ್ಚಾರ್ಜ್ ಸಮ್ಮರಿಯಲ್ಲಿ ತೊಡಕಿಲ್ಲ ಅಂತ ಇದೆ. ಅದನ್ನು ತಿದ್ದಿ ಕೊಡಿ."

"ಅದು ಕ್ಲೋಸ್ ಆಗಿರುವ ಫೈಲು. ಈಗ ಅದರಿಂದ ನಿಮಗೇನು ಪ್ರಯೋಜನ? ಉಸಿರಾಟದ ಎಕ್ಸರ್‌ಸೈಜ್ ಮಾಡಿ, ಮೂರು ತಿಂಗಳು ಬಿಟ್ಟು ಬನ್ನಿ."

ಇನ್ನೂ ಹನ್ನೆರಡು ಜನ ಹೊರಗೆ ಕಾಯುತ್ತಿದ್ದರು. ಸಹಾಯಕರು ಬಾಗಿಲು ತೆರೆದು ಮುಂದಿನವರ ಹೆಸರು ಕೂಗಿದರು.

ಔಷಧಿ ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತಿದ್ದೆ. ಇವರು ಸಾಲಿನಲ್ಲಿ ನಿಂತಿದ್ದರು. ನೀಲಿ ಬಟ್ಟೆ ತೊಟ್ಟ ನಲವತ್ತರ ಹೆಂಗಸೊಬ್ಬಳು ಬಂದು ಪಕ್ಕದಲ್ಲಿ ಕೂತಳು. ಆಪರೇಷನ್ ಕೋಣೆಯ ಟೆಕ್ನೀಷಿಯನ್ ಎಂದು ಕತ್ತಿನ ಕಾರ್ಡಿನಿಂದ ಗೊತ್ತಾಯಿತು.

"ಗುಂಡ್ಲುಪೇಟೆಯೋರಲ್ವಾ ಅಕ್ಕ? ನಮ್ದು ಸಂತೆಮರಹಳ್ಳಿ." ಆಚೆ ಈಚೆ ನೋಡಿದಳು. "ಒಳಗೆ ನೀವು ಮಾತಾಡಿದ್ದು ಕೇಳುಸ್ತು. ಅವತ್ತು ನಿಮ್ಮ ಹೊಟ್ಟೆ ಮ್ಯಾಲೆ ಕೈ ಮಡಗಿದ್ದೋಳು ನಾನೇ."

ನಾನು ತಿರುಗಿ ಅವಳ ಕೈ ನೋಡಿದೆ.

ಬಲೂನು ತಣ್ಣಗಾಗುವಾಗ ಮೇಲಿನಿಂದ ಆ ನರಕ್ಕೆ ಸಣ್ಣ ಕರೆಂಟು ಕೊಡುತ್ತಾರಂತೆ. ವಪೆ ಎಗರುತ್ತಿರುವವರೆಗೆ ನರಕ್ಕೆ ಏನೂ ಆಗಿಲ್ಲ ಎಂದರ್ಥ. ಅದನ್ನು ಕೈಯಿಟ್ಟು ಕಾಯುವುದು ಅವಳ ಕೆಲಸ.

"ಕಮ್ಮಿಯಾಯ್ತಿದ್ದಂಗೇ ಏಳ್ದೆ ಅಕ್ಕ. ಸಾರ್ ಆಗ್ಲೇ ನಿಲ್ಸುದ್ರು. ಆಮೇಲೆ ಬಂತಾ ಅಂದ್ರು. ಒಸಿ ಬಂದಂಗಿತ್ತು. ಬಂತು ಅಂದ್ಬುಟ್ಟೆ." ತನ್ನ ಅಂಗೈ ನೋಡಿಕೊಂಡಳು. "ಬೆಳಿಗ್ಗೆ ವಾರ್ಡಿಗೆ ಬಂದು ನಿಮ್ಮುನ್ನ ಒಂದ್ಮಾತು ಕೇಳ್ಬೇಕಿತ್ತು. ಆರು ಕೇಸಿದ್ವು. ಬರ್ನಿಲ್ಲ."

"ಇದನ್ನ ಬರೆದು ಕೊಡ್ತೀಯಾ?"

"ಕೆಲ್ಸ ಓಯ್ತದೆ ಅಕ್ಕ." ಎದ್ದಳು. "ಸಮ್ಮರಿ ಬುಡಿ. ಪ್ರೊಸೀಜರ್ ನೋಟ್ ಅಂತ ಬ್ಯಾರೆ ಇರ್ತದೆ. ಅದ್ನ ಕೇಳಿ. ಅದ್ರಲ್ಲಿ ಅದೆ."

ಅವಳ ಮೇಲೆ ನನಗೆ ಬರಬೇಕಾದಷ್ಟು ಸಿಟ್ಟು ಬರಲಿಲ್ಲ. ಇಡೀ ಆಸ್ಪತ್ರೆಯಲ್ಲಿ ನನ್ನ ಪಕ್ಕ ಬಂದು ಕೂತು ನಿಜ ಹೇಳಿದವಳು ಅವಳೊಬ್ಬಳೇ. ಅವಳ ಹೆಸರನ್ನು ನಾನು ಎಲ್ಲೂ ಹೇಳಿಲ್ಲ, ಹೇಳುವುದೂ ಇಲ್ಲ.

ಬಸ್ಸಿನಲ್ಲಿ ಇವರಿಗೆ ಎಲ್ಲ ಹೇಳಿದೆ. ಇವರು ಕಿಟಕಿಯಾಚೆ ನೋಡುತ್ತಾ ಕೇಳಿಸಿಕೊಂಡರು. ಬೇಗೂರು ದಾಟಿದ ಮೇಲೆ, "ಒಂದು ಅರ್ಜಿ ಬರ್ದ್ರೆ ಕೊಡ್ಲೇಬೇಕು," ಎಂದರು. "ಕೊಡಲ್ಲ ಅಂತ ಬಾಯಲ್ಲಿ ಏಳ್ಬೋದು. ಬರ್ದು ಕೊಡಾಕಾಗಲ್ಲ."

ಭಾನುವಾರ ಬೆಳಿಗ್ಗೆ ಊಟದ ಮೇಜು ಒರೆಸಿ ಬಿಳಿ ಹಾಳೆ ಇಟ್ಟುಕೊಂಡು ಕೂತರು. ಇವರು ಮೂವತ್ತು ವರ್ಷದಿಂದ ಮಾಡುತ್ತಿರುವುದು ಇದೇ ಕೆಲಸ. ಆದರೆ ನನಗಾಗಿ ಬರೆದದ್ದು ಅದೇ ಮೊದಲು. ವಿಷಯ, ಉಲ್ಲೇಖ, ಅದರ ಕೆಳಗೆ ಅಲುಗಿಸಲಾಗದ ಮೂರು ವಾಕ್ಯ. ಒಂದು ಬೈಗುಳವಿಲ್ಲ, ಒಂದು ಗೋಗರೆತವಿಲ್ಲ. ನನಗೆ ಓದಿ ಹೇಳಿದರು. "ಸಿಟ್ಟೇ ಇಲ್ವಲ್ಲ ಇದರಲ್ಲಿ," ಎಂದೆ. "ಸಿಟ್ಟು ಇದ್ರೆ ಫೈಲ್‌ಗೆ ಆಕ್ಬುಡ್ತಾರೆ. ಇಲ್ದಿದ್ರೆ ಉತ್ತರ ಕೊಡ್ಬೇಕಾಯ್ತದೆ," ಎಂದರು.

ಮೊದಲ ಅರ್ಜಿಗೆ ಉತ್ತರ ಬರಲಿಲ್ಲ. ಎರಡನೆಯದನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದರು. ಮೂರನೆಯದಕ್ಕೆ ನೋಟ್ ಬಂತು.

ಅದರಲ್ಲಿ ಇತ್ತು. ಕೊನೆಯ ಫ್ರೀಜ್ ಸಮಯದಲ್ಲಿ ವಪೆಯ ಚಲನೆ ಕುಂದಿತು, ಫ್ರೀಜ್ ನಿಲ್ಲಿಸಲಾಯಿತು, ಭಾಗಶಃ ಚೇತರಿಕೆ. ಇಂಗ್ಲಿಷಿನ ಒಂದೂವರೆ ಸಾಲು. ನಾನು ಗ್ಯಾಸಿನ ಮಾತ್ರೆ, ನೆಮ್ಮದಿಯ ಮಾತ್ರೆ ನುಂಗುತ್ತಿದ್ದ ಮೂರು ತಿಂಗಳೂ ಈ ಒಂದೂವರೆ ಸಾಲು ಒಂದು ಕಪಾಟಿನಲ್ಲಿ ಕೂತಿತ್ತು.

ಇಷ್ಟು ಹೊತ್ತಿಗೆ ನನಗೆ ಕೆಂಚಮ್ಮ ನೆನಪಾಗಲು ಶುರುವಾಗಿದ್ದಳು. ನಮ್ಮ ಕೇಂದ್ರಕ್ಕೆ ಸೇರಿದ ಹಳ್ಳಿಯವಳು, ಕಾಡಂಚಿನ ಹೊಲಗಳಲ್ಲಿ ಕೂಲಿ. ಮಕ್ಕಳಾಗದ ಆಪರೇಷನ್ ಆದಮೇಲೆ ವರ್ಷಗಟ್ಟಲೆ ಹೊಟ್ಟೆನೋವು ಎಂದು ಬರುತ್ತಿದ್ದಳು. ಪ್ರತಿ ಸಲವೂ ನಾನು ಹೇಳುತ್ತಿದ್ದದ್ದು ಒಂದೇ: "ಅದೆಲ್ಲ ಮನಸಿನ್ದು ಕಣವ್ವ. ಕೆಲ್ಸ ಮಾಡ್ತಾ ಇರು, ಮರ್ತೋಯ್ತದೆ." ಕೊನೆಗೆ ಅವಳು ಬರುವುದನ್ನೇ ಬಿಟ್ಟಳು. ನೋವು ಹೋಗಿದೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಏನೂ ಅಂದುಕೊಂಡಿರಲಿಲ್ಲ.

ಒಂದು ದಿನ ಆಟೋ ಮಾಡಿಕೊಂಡು ಅವಳ ಮನೆಗೆ ಹೋದೆ. ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಏಳಲಿಲ್ಲ.

"ಹೊಟ್ಟೆನೋವು ಹೆಂಗದೆ ಕೆಂಚಮ್ಮ?"

"ಅದೆ."

"ನಾನು ಅವತ್ತು ಸರಿಯಾಗಿ ನೋಡ್ಲಿಲ್ಲ. ತಪ್ಪಾಯ್ತು."

ಅವಳು ನನ್ನ ಮುಖ ನೋಡಿದಳು. "ಏನ್ ನರ್ಸಮ್ಮ, ಏದುಸ್ರು ಬುಡ್ತಿದ್ದೀರಿ. ನಿಮ್ಗೇನಾಯ್ತು?"

ಹೇಳಿದೆ. ಪೂರ್ತಿ ಕೇಳಿದಳು. "ಡಾಕ್ಟ್ರು ನಂಬ್ನಿಲ್ವಾ?" ಎಂದಳು.

"ನಂಬಲಿಲ್ಲ."

"ಊಂ," ಎಂದು ಅವರೆಕಾಯಿ ಸುಲಿಯತೊಡಗಿದಳು. ಒಳಗೆ ಬಾ ಎನ್ನಲಿಲ್ಲ, ನೀರು ಬೇಕೇ ಎನ್ನಲಿಲ್ಲ. ಅವಳನ್ನು ಚಾಮರಾಜನಗರಕ್ಕೆ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದೆ. "ನೋಡನ," ಎಂದಳು. ಎರಡು ವಾರದ ನಂತರ ಬಂದಳು. ಪರೀಕ್ಷೆ ಮಾಡಿದ ಡಾಕ್ಟರು ಹಳೆಯ ಸೋಂಕಿನಿಂದ ಹೊಟ್ಟೆಯೊಳಗೆ ಕರುಳು ಅಂಟಿಕೊಂಡಿದೆ ಎಂದರು. ಚಿಕಿತ್ಸೆ ನಡೆಯುತ್ತಿದೆ. ಈಗಲೂ ನನ್ನನ್ನು ಕಂಡರೆ ಅವಳು ನಗುವುದಿಲ್ಲ. ನಗಬೇಕೆಂದು ಕೇಳುವ ಹಕ್ಕು ನನಗಿಲ್ಲ.

ಪ್ರೊಸೀಜರ್ ನೋಟಿನ ಪ್ರತಿ ಲಗತ್ತಿಸಿ ಇವರು ನಾಲ್ಕನೆಯ ಅರ್ಜಿ ಬರೆದರು. ಈ ಸಲ ಡಾಕ್ಟರೇ ಫೋನು ಮಾಡಿ ಕರೆಸಿದರು. ಅವರ ಮುಂದೆ ನನ್ನ ಫೈಲು ತೆರೆದಿತ್ತು. ಗಡ್ಡ ಬೆಳೆದಿತ್ತು, ದಣಿದಿದ್ದರು. ಜಗಳಕ್ಕೆ ಸಿದ್ಧಳಾಗಿ ಹೋಗಿದ್ದೆ.

"ನಿಮಗೆ ಏನು ಬೇಕು ಮೇಡಂ? ಕೇಸ್ ಹಾಕ್ತೀರಾ?"

"ಇಲ್ಲ ಸರ್. ನಾಳೆ ನನಗೆ ಇನ್ನೊಂದು ಆಪರೇಷನ್ ಆದರೆ, ಮಂಪರು ಕೊಡುವ ಡಾಕ್ಟರಿಗೆ ನನ್ನ ಬಲಗಡೆ ಉಸಿರಾಡುವುದಿಲ್ಲ ಅಂತ ಗೊತ್ತಾಗಬೇಕು. ಈ ಕಾಗದ ನೋಡಿದರೆ ಗೊತ್ತಾಗುತ್ತಾ?"

ಅವರು ಕಂಪ್ಯೂಟರಿನ ಕಡೆ ತಿರುಗಿ ತಾವೇ ಟೈಪು ಮಾಡಿದರು. ಪ್ರೊಸೀಜರಿನ ನಂತರ ಬಲ ಫ್ರೆನಿಕ್ ನರಕ್ಕೆ ಪೆಟ್ಟು, ಬಲ ವಪೆಯ ನಿಷ್ಕ್ರಿಯತೆ. ಸಹಿ ಹಾಕಿ, ಮುದ್ರೆ ಒತ್ತಿ ಕೊಟ್ಟರು. "ಮರುದಿನ ಮಲಗಿಸಿ ನೋಡಬೇಕಿತ್ತು," ಎಂದರು. ಕ್ಷಮಿಸಿ ಎನ್ನಲಿಲ್ಲ. ಅಷ್ಟೇ ಅವರ ಕೈಲಾದದ್ದು ಎಂದುಕೊಂಡು ತೆಗೆದುಕೊಂಡೆ.

ಅದಕ್ಕಾಗಿ ಇಷ್ಟು ಓಡಾಡಬೇಕಿತ್ತೇ ಎಂದು ಮಗಳು ಕೇಳಿದಳು. ಆ ಸಾಲು ಬರೆದ ಮಾತ್ರಕ್ಕೆ ಉಸಿರು ಹೆಚ್ಚಾಗಲಿಲ್ಲ, ನಿಜ. ಆದರೆ ನನ್ನ ಮೈಗೆ ಆದದ್ದು ಆಗಿದೆ ಎಂದು ಯಾರಾದರೂ ಒಪ್ಪುವವರೆಗೆ, ಇಪ್ಪತ್ನಾಲ್ಕು ಗಂಟೆಯೂ ನನ್ನ ಪರವಾಗಿ ನಾನೇ ಸಾಕ್ಷಿ ಹೇಳುತ್ತಿರಬೇಕಾಗಿತ್ತು. ಉಸಿರೇ ಇಲ್ಲದವಳಿಗೆ ಅದು ದೊಡ್ಡ ದುಡಿಮೆ. ಆ ದುಡಿಮೆ ನಿಂತಿತು.

ಆರು ತಿಂಗಳ ನಂತರ ಕೆಲಸಕ್ಕೆ ಹೋದೆ. ಹಳ್ಳಿ ತಿರುಗುವುದನ್ನು ನನ್ನಿಂದ ತೆಗೆದು ಕೇಂದ್ರದೊಳಗೆ ಕೂರಿಸಿದ್ದಾರೆ. ಲಸಿಕೆಯ ಫ್ರಿಜ್ಜು, ರಿಜಿಸ್ಟರು, ಬಂದವರ ಬಿಪಿ. ಬಂಡೀಪುರದ ಕಡೆಯ ಆದಿವಾಸಿ ಹಾಡಿಗಳಿಗೆ ಬೇರೊಬ್ಬ ನರ್ಸು ಹೋಗುತ್ತಾಳೆ. ಅವಳು ಬಂದು ಯಾರ ಮನೆಯ ಬಾಣಂತಿ ಹೇಗಿದ್ದಾಳೆ ಎಂದು ಹೇಳುವಾಗ ಕೇಳಿಸಿಕೊಳ್ಳುತ್ತೇನೆ. ಅವರ ಮಕ್ಕಳನ್ನೆಲ್ಲ ಕೈಯಲ್ಲಿ ಹಿಡಿದು ತೂಕ ಮಾಡಿದವಳು ನಾನು. ಈಗ ಬಗ್ಗಿ ಒಂದು ಮಗುವನ್ನು ಎತ್ತಿಕೊಳ್ಳುವ ಮೊದಲು ಎರಡು ಸಲ ಯೋಚಿಸುತ್ತೇನೆ. ಇದನ್ನು ಒಪ್ಪಿಕೊಂಡಿದ್ದೇನೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಒಪ್ಪಿಕೊಂಡಿಲ್ಲ. ಅಭ್ಯಾಸ ಮಾಡಿಕೊಂಡಿದ್ದೇನೆ.

ಹನ್ನೊಂದನೆಯ ತಿಂಗಳು, ಹೋದ ವಾರ, ಮತ್ತೆ ಪರೀಕ್ಷೆಗೆ ಹೋದೆ. ಇವರಿಗೆ ಕಚೇರಿಯಲ್ಲಿ ತಪಾಸಣೆ ಇತ್ತು. ಒಬ್ಬಳೇ ಹೋಗುತ್ತೇನೆ ಎಂದೆ. ಎಕ್ಸ್‌ರೇ ಯಂತ್ರದ ಮುಂದೆ ನಿಲ್ಲಿಸಿ, ಉಸಿರಾಡುವುದನ್ನು ಸಿನಿಮಾದ ಹಾಗೆ ತೋರಿಸುತ್ತಾರೆ. ಮೂಗಿನಲ್ಲಿ ಜೋರಾಗಿ ಎಳೆಯಿರಿ ಎಂದರು. ಎಳೆದೆ. ಎಡಗಡೆಯ ವಪೆ ಸರಿಯಾಗಿ ಕೆಳಗಿಳಿಯಿತು. ಬಲಗಡೆ ಮೊದಲು ಸುಮ್ಮನಿತ್ತು. ಆಮೇಲೆ, ತಡವಾಗಿ, ಮನಸ್ಸಿಲ್ಲದ ಮನಸ್ಸಿನಿಂದ ಎಂಬ ಹಾಗೆ, ಅರ್ಧ ಬೆರಳಿನಷ್ಟು ಇಳಿಯಿತು.

ಇನ್ನೊಂದು ಸಲ ಎಳೆಯಲು ಹೇಳುವ ಮೊದಲೇ ಎಳೆದೆ. ಮತ್ತೆ ಇಳಿಯಿತು.

ನರ ದಿನಕ್ಕೆ ಕೂದಲೆಳೆಯಷ್ಟು ಬೆಳೆಯುತ್ತದಂತೆ. ಪೂರ್ತಿ ಬರಬಹುದು, ಇಷ್ಟಕ್ಕೇ ನಿಲ್ಲಲೂಬಹುದು, ಹೇಳಲಾಗದು ಎಂದರು. ಹೇಳಲಾಗದು ಎಂದು ಡಾಕ್ಟರೊಬ್ಬರು ಬಾಯಿಬಿಟ್ಟು ಹೇಳಿದ್ದು ನನಗೆ ಹಿಡಿಸಿತು.

ಮನೆಗೆ ಬಂದು ಚಪ್ಪಲಿ ಬಿಚ್ಚುತ್ತಿದ್ದಾಗ ಇವರ ಫೋನು ಬಂತು. ಹಿಂದೆ ಕಚೇರಿಯ ಗದ್ದಲ.

"ಏನಂದ್ರು?"

"ಒಸಿ ಅಳ್ಳಾಡ್ತಾ ಅದಂತೆ."

"ಒಸಿ ಅಂದ್ರೆ?"

"ಅರ್ಧ ಬೆರಳಷ್ಟು."

"ನಿಂಗೆ ಎಂಗನಿಸ್ತದೆ?" ಎಂದರು. ಈ ಒಂದು ವರ್ಷದಲ್ಲಿ ಇವರು ಕಲಿತ ಪ್ರಶ್ನೆ ಇದು. ಈಗ ವರದಿಯನ್ನು ಕೇಳಿದ ಮೇಲೆ ನನ್ನನ್ನೂ ಕೇಳುತ್ತಾರೆ.

ಅತ್ತೆ ಚಾಪೆ ಹಾಸಿ, ಎರಡೇ ದಿಂಬು ಇಟ್ಟು ನನ್ನನ್ನೇ ನೋಡುತ್ತಿದ್ದರು. "ತಡೀರಿ, ನೋಡಿ ಹೇಳ್ತೀನಿ," ಎಂದು ಫೋನು ಅತ್ತೆಯ ಕೈಗೆ ಕೊಟ್ಟೆ. ನಿಧಾನವಾಗಿ ಒರಗಿದೆ. ಬಲಗೈಯನ್ನು ಪಕ್ಕೆಯ ಕೆಳಗೆ ಇಟ್ಟುಕೊಂಡು ಉಸಿರು ಎಳೆದೆ.